ಸಂವಿಧಾನ ಬಿಟ್ಟ ಜಾಗ, ಅಧ್ಯಕ್ಷರು ತುಂಬಿದ ಬಗೆ

2021ರ ನವೆಂಬರ್ 19ರ ಬೆಳಿಗ್ಗೆ ಅಮೆರಿಕದ ಅಧ್ಯಕ್ಷರ ಅಧಿಕಾರ 85 ನಿಮಿಷ ಕಮಲಾ ಹ್ಯಾರಿಸ್ ಅವರ ಕೈಯಲ್ಲಿತ್ತು. ಅಧ್ಯಕ್ಷ ಜೋ ಬೈಡನ್ ಕರುಳಿನ ತಪಾಸಣೆಗೆಂದು ವಾಲ್ಟರ್ ರೀಡ್ ಸೇನಾ ಆಸ್ಪತ್ರೆಗೆ ಹೋಗಿದ್ದರು. ಅರಿವಳಿಕೆ ಕೊಡುವ ಮೊದಲು ಸಂಸತ್ತಿನ ಎರಡೂ ಸದನಗಳಿಗೆ ಒಂದು ಪತ್ರ ಹೋಯಿತು. ಎಚ್ಚರವಾದ ಮೇಲೆ ಇನ್ನೊಂದು ಪತ್ರ ಹೋಯಿತು. ಈ ಎರಡು ಪತ್ರಗಳ ನಡುವಿನ ಹೊತ್ತಿನಲ್ಲಿ ಆ ದೇಶದ ಇತಿಹಾಸದಲ್ಲೇ ಮೊದಲ ಬಾರಿಗೆ ಒಬ್ಬ ಮಹಿಳೆ, ಅದರಲ್ಲೂ ಚೆನ್ನೈನಿಂದ ಹೋಗಿ ನೆಲೆಸಿದ ತಾಯಿಯ ಮಗಳು, ಅಧ್ಯಕ್ಷಾಧಿಕಾರ ನಡೆಸಿದರು. ಗದ್ದಲವಾಗಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ಇಷ್ಟು ಸಲೀಸಾದ ಏರ್ಪಾಟು ಆ ದೇಶಕ್ಕೆ ದಕ್ಕಿದ್ದು 1967ರಲ್ಲಿ. ಮೊದಲ ಅಧ್ಯಕ್ಷರು ಪ್ರಮಾಣವಚನ ಸ್ವೀಕರಿಸಿ ಅಷ್ಟರಲ್ಲಿ 178 ವರ್ಷಗಳಾಗಿದ್ದವು. ಆ ಅವಧಿಯಲ್ಲಿ ಎಂಟು ಅಧ್ಯಕ್ಷರು ಹುದ್ದೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಅವರಲ್ಲಿ ನಾಲ್ವರು ಗುಂಡಿಗೆ ಬಲಿಯಾದವರು. ಇನ್ನೊಬ್ಬ ಅಧ್ಯಕ್ಷರು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗ ದೇಶವನ್ನು ಯಾರು ನಡೆಸುತ್ತಿದ್ದಾರೆ ಎಂಬುದು ಮಂತ್ರಿಗಳಿಗೇ ತಿಳಿದಿರಲಿಲ್ಲ. ಅಮೆರಿಕದ ಅಧ್ಯಕ್ಷರ ಬಗೆಗಿನ ವಿಚಿತ್ರ ಸಂಗತಿಗಳನ್ನು ನಾವು ಸಾಮಾನ್ಯವಾಗಿ ರಸಪ್ರಶ್ನೆಯ ಸರಕಾಗಿ ಓದಿ ಮರೆಯುತ್ತೇವೆ. ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೊಂದು ವಿಷಯ ಎದ್ದು ಕಾಣುತ್ತದೆ. ಜಗತ್ತಿನ ಅತಿ ಬಲಿಷ್ಠ ಎನಿಸಿಕೊಂಡ ಈ ಹುದ್ದೆಯನ್ನು ರೂಪಿಸಿದ್ದು ಸಂವಿಧಾನದ ಅಕ್ಷರಗಳಷ್ಟೇ ಅಲ್ಲ. ಸಾವು, ರೋಗ, ಸಾಲ, ಹಟ, ಸಂಕೋಚ ಇವೂ ಅದನ್ನು ರೂಪಿಸಿವೆ.

ಮೂರೇ ಅರ್ಹತೆ

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಸಂವಿಧಾನ ಅಧ್ಯಕ್ಷರಾಗುವವರಿಗೆ ಇಟ್ಟ ಷರತ್ತು ಮೂರೇ. ಹುಟ್ಟಿನಿಂದ ಅಮೆರಿಕದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಆ ದೇಶದಲ್ಲಿ ವಾಸವಾಗಿರಬೇಕು. ಓದು, ಆಸ್ತಿ, ಧರ್ಮ, ಭಾಷೆ ಯಾವುದರ ಮಾತೂ ಅಲ್ಲಿಲ್ಲ. ಹಾಗಾಗಿ ಆ ಕುರ್ಚಿಗೆ ಬಂದವರ ಹಿನ್ನೆಲೆಯೂ ಬಗೆಬಗೆಯದು. ಆಂಡ್ರ್ಯೂ ಜಾನ್ಸನ್ ಶಾಲೆಯ ಮೆಟ್ಟಿಲು ಹತ್ತದ ದರ್ಜಿ. ಅವರ ಬರವಣಿಗೆ, ಲೆಕ್ಕ ತಿದ್ದಿದವರು ಹೆಂಡತಿ ಎಲಿಜಾ. ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಮನೆಮಾತು ಡಚ್, ಇಂಗ್ಲಿಷ್ ಅವರಿಗೆ ಕಲಿತ ಭಾಷೆ. ಲಿಂಕನ್ ಮರಳುದಿಣ್ಣೆಗೆ ಸಿಕ್ಕಿಕೊಂಡ ದೋಣಿಯನ್ನು ಮೇಲೆತ್ತುವ ಉಪಾಯಕ್ಕೆ 1849ರಲ್ಲಿ ಪೇಟೆಂಟ್ ಪಡೆದವರು. ಪೇಟೆಂಟ್ ಇರುವ ಅಧ್ಯಕ್ಷರು ಈವರೆಗೆ ಅವರೊಬ್ಬರೇ. ಜೇಮ್ಸ್ ಗಾರ್ಫೀಲ್ಡ್ ಸಂಸತ್ ಸದಸ್ಯರಾಗಿದ್ದಾಗ, 1876ರಲ್ಲಿ, ಪೈಥಾಗೊರಸ್ ಪ್ರಮೇಯಕ್ಕೆ ತ್ರಾಪಿಜ್ಯದ ಮೂಲಕ ಒಂದು ಹೊಸ ಸಾಧನೆ ಕೊಟ್ಟರು. ಗಣಿ ಎಂಜಿನಿಯರ್ ಆಗಿದ್ದ ಹರ್ಬರ್ಟ್ ಹೂವರ್ ಹೆಂಡತಿ ಲೂ ಅವರ ಜೊತೆ ಕೂತು, ಗಣಿಗಾರಿಕೆಯ ಬಗ್ಗೆ ಹದಿನಾರನೇ ಶತಮಾನದಲ್ಲಿ ಬಂದಿದ್ದ ಲ್ಯಾಟಿನ್ ಗ್ರಂಥವನ್ನು ಇಂಗ್ಲಿಷಿಗೆ ತಂದರು. ಅದು 1912ರಲ್ಲಿ ಪ್ರಕಟವಾಯಿತು.

ಪ್ರಮಾಣವಚನದ ಮಾತುಗಳನ್ನು ಸಂವಿಧಾನ ಅಕ್ಷರಶಃ ಬರೆದಿಟ್ಟಿದೆ. ಇಂಗ್ಲಿಷಿನಲ್ಲಿ ಅದು 35 ಪದಗಳ ವಾಕ್ಯ. ಅದನ್ನು ಯಾರು ಬೋಧಿಸಬೇಕು, ಎಲ್ಲಿ ಬೋಧಿಸಬೇಕು, ಯಾವ ಗ್ರಂಥದ ಮೇಲೆ ಕೈಯಿಡಬೇಕು ಎಂಬುದು ಅಲ್ಲಿಲ್ಲ. 1923ರ ಆಗಸ್ಟ್ 2ರಂದು ಅಧ್ಯಕ್ಷ ವಾರೆನ್ ಹಾರ್ಡಿಂಗ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡಾಗ ಉಪಾಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ವರ್ಮಾಂಟ್ ರಾಜ್ಯದ ಪ್ಲಿಮತ್ ನಾಚ್ ಎಂಬ ಹಳ್ಳಿಯಲ್ಲಿ ತಂದೆಯ ಮನೆಯಲ್ಲಿದ್ದರು. ಆ ಮನೆಗೆ ಕರೆಂಟೂ ಇರಲಿಲ್ಲ, ಫೋನೂ ಇರಲಿಲ್ಲ. ಸುದ್ದಿ ಹೊತ್ತವರು ರಾತ್ರಿ ಬಂದು ಬಾಗಿಲು ತಟ್ಟಿದರು. ಕೂಲಿಜರ ತಂದೆ ಊರಿನ ನೋಟರಿ. ಬೆಳಗಿನ ಜಾವ 2 ಗಂಟೆ 47 ನಿಮಿಷಕ್ಕೆ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಆ ತಂದೆ ಮಗನಿಗೆ ದೇಶದ ಅಧ್ಯಕ್ಷ ಪದವಿಯ ಪ್ರಮಾಣವಚನ ಬೋಧಿಸಿದರು. ರಾಜ್ಯ ಮಟ್ಟದ ನೋಟರಿ ಬೋಧಿಸಿದ ವಚನ ರಾಷ್ಟ್ರದ ಹುದ್ದೆಗೆ ನಡೆಯುತ್ತದೆಯೇ ಎಂಬ ಅನುಮಾನ ಆಮೇಲೆ ಎದ್ದಿತು. ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ನ್ಯಾಯಾಧೀಶರೊಬ್ಬರ ಮುಂದೆ ಗುಟ್ಟಾಗಿ ಇನ್ನೊಮ್ಮೆ ಪ್ರಮಾಣವಚನ ನಡೆಯಿತು.

ಟೈಲರ್ ಹಟ

ಸಂವಿಧಾನದ ಈ ಮೌನ ಮೊದಲ ಬಾರಿ ದೇಶವನ್ನು ಕಷ್ಟಕ್ಕೆ ದೂಡಿದ್ದು 1841ರಲ್ಲಿ. ಆ ವರ್ಷದ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡ ವಿಲಿಯಂ ಹೆನ್ರಿ ಹ್ಯಾರಿಸನ್ ಅವರಿಗೆ 68 ವರ್ಷ. ಕೊರೆಯುವ ಚಳಿಯಲ್ಲಿ ಮೇಲಂಗಿಯಿಲ್ಲದೆ ಒಂದೂಮುಕ್ಕಾಲು ಗಂಟೆ ಭಾಷಣ ಮಾಡಿದರು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 4ರಂದು, ತೀರಿಕೊಂಡರು. ಚಳಿಯಲ್ಲಿ ನಿಂತು ನ್ಯುಮೋನಿಯಾ ಬಂತು ಎಂಬುದು ಶಾಲಾಪುಸ್ತಕದ ಕಥೆ. ಕಾಯಿಲೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ಸಂಶೋಧಕರು 2014ರಲ್ಲಿ ಬೇರೆಯೇ ಕಾರಣ ಮುಂದಿಟ್ಟರು. ಆಗಿನ್ನೂ ವಾಷಿಂಗ್ಟನ್ನಿನಲ್ಲಿ ಒಳಚರಂಡಿ ಇರಲಿಲ್ಲ. ಶ್ವೇತಭವನಕ್ಕೆ ನೀರು ಬರುತ್ತಿದ್ದ ಜಾಗದ ಮೇಲ್ಭಾಗದಲ್ಲೇ ಊರಿನ ಮಲ ಸುರಿಯುತ್ತಿದ್ದರು. ಹ್ಯಾರಿಸನ್ ಅವರನ್ನು ಕೊಂದದ್ದು ಆ ನೀರಿನಿಂದ ಬಂದ ಕರುಳಿನ ಸೋಂಕು ಇರಬೇಕು ಎಂಬುದು ಅವರ ವಾದ. 1850ರಲ್ಲಿ ಹುದ್ದೆಯಲ್ಲಿದ್ದಾಗಲೇ ಸತ್ತ ಜಾಕರಿ ಟೇಲರ್ ಅವರನ್ನು ಕಾಡಿದ್ದೂ ಹೊಟ್ಟೆಯ ಕಾಯಿಲೆಯೇ.

ಅಧ್ಯಕ್ಷರು ಸತ್ತರೆ ‘ಅದು’ ಉಪಾಧ್ಯಕ್ಷರಿಗೆ ಸಲ್ಲುತ್ತದೆ ಎಂದಷ್ಟೇ ಸಂವಿಧಾನ ಬರೆದಿತ್ತು. ಸಲ್ಲುವುದು ಹುದ್ದೆಯೋ ಅಥವಾ ಹುದ್ದೆಯ ಕೆಲಸ ಮಾತ್ರವೋ? ಹುದ್ದೆಯೇ ಸಲ್ಲುವುದಾದರೆ ಉಪಾಧ್ಯಕ್ಷರು ಪೂರ್ಣ ಪ್ರಮಾಣದ ಅಧ್ಯಕ್ಷರಾಗಿ ಉಳಿದ ಅವಧಿಯನ್ನು ಮುಗಿಸಬಹುದು. ಕೆಲಸ ಮಾತ್ರ ಸಲ್ಲುವುದಾದರೆ ಅವರು ಹಂಗಾಮಿ. ಮಂತ್ರಿಮಂಡಲದ ಒಲವು ಹಂಗಾಮಿಯ ಕಡೆಗಿತ್ತು. ಉಪಾಧ್ಯಕ್ಷ ಜಾನ್ ಟೈಲರ್ ಒಪ್ಪಲಿಲ್ಲ. ವರ್ಜೀನಿಯಾದಿಂದ ಧಾವಿಸಿ ಬಂದು, ಏಪ್ರಿಲ್ 6ರಂದು ಪ್ರಮಾಣವಚನ ಸ್ವೀಕರಿಸಿ, ತಾನೇ ಅಧ್ಯಕ್ಷ ಎಂದು ಸಾರಿದರು. ‘ಹಂಗಾಮಿ ಅಧ್ಯಕ್ಷರಿಗೆ’ ಎಂದು ವಿಳಾಸ ಬರೆದ ಪತ್ರಗಳನ್ನು ಒಡೆಯದೆ ವಾಪಸು ಕಳಿಸಿದರು. ಅದೇ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಮಸೂದೆಯ ಜಗಳದಲ್ಲಿ ಒಬ್ಬರನ್ನು ಬಿಟ್ಟು ಮಂತ್ರಿಗಳೆಲ್ಲ ರಾಜೀನಾಮೆ ಕೊಟ್ಟರು. ವಿಗ್ ಪಕ್ಷ ಅವರನ್ನು ಉಚ್ಚಾಟಿಸಿತು. ಆದರೂ ಟೈಲರ್ ಜಗ್ಗಲಿಲ್ಲ. ಅವರ ನಂತರ ಏಳು ಉಪಾಧ್ಯಕ್ಷರು ಅಧ್ಯಕ್ಷರ ಸಾವಿನಿಂದಾಗಿ ಮೇಲೇರಿದರು. ಅವರೆಲ್ಲ ನಡೆದದ್ದು ಟೈಲರ್ ಹಾಕಿದ ದಾರಿಯಲ್ಲಿ. ಲಿಖಿತ ಕಾನೂನು ಬರುವವರೆಗೆ ಒಬ್ಬ ಮನುಷ್ಯನ ಹಟವೇ 126 ವರ್ಷ ಕಾನೂನಿನಂತೆ ನಡೆಯಿತು.

ನಮ್ಮ ಸಂವಿಧಾನ ಬರೆದವರು ಈ ಗೊಂದಲಕ್ಕೆ ಎಡೆ ಕೊಡಲಿಲ್ಲ. ರಾಷ್ಟ್ರಪತಿ ತೀರಿಕೊಂಡರೆ ಉಪರಾಷ್ಟ್ರಪತಿ ಹಂಗಾಮಿಯಾಗಿ ಕೆಲಸ ನೋಡಿಕೊಳ್ಳಬೇಕು, ಆರು ತಿಂಗಳೊಳಗೆ ಹೊಸಬರ ಆಯ್ಕೆಯಾಗಬೇಕು ಎಂದು 62 ಮತ್ತು 65ನೇ ವಿಧಿಗಳು ಹೇಳುತ್ತವೆ. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಅದೇ ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಅವರಿಗೆ ಸ್ಥಾನ ಬಿಟ್ಟುಕೊಟ್ಟರು. ನಮ್ಮಲ್ಲೂ ಅಮೆರಿಕದ ಆಗಿನ ಅಸ್ಪಷ್ಟತೆಯೇ ಇದ್ದಿದ್ದರೆ ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿಯೊಬ್ಬರು ಉಳಿದ ಅವಧಿಯನ್ನೆಲ್ಲ ರಾಷ್ಟ್ರಪತಿಯಾಗಿಯೇ ಮುಗಿಸುತ್ತಿದ್ದರೇನೋ.

ಟೈಲರ್ ಬಗ್ಗೆ ಇನ್ನೊಂದು ಮಾತು. ಅವರು ಹುಟ್ಟಿದ್ದು 1790ರಲ್ಲಿ, ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ. ಅವರ ಮೊಮ್ಮಗ ತೀರಿಕೊಂಡದ್ದು 2025ರಲ್ಲಿ. ಟೈಲರ್ ಅವರಿಗೆ 63 ವರ್ಷವಾಗಿದ್ದಾಗ ಹುಟ್ಟಿದ ಮಗ ತನ್ನ 75ರ ವಯಸ್ಸಿನಲ್ಲಿ ತಂದೆಯಾದದ್ದು ಇದಕ್ಕೆ ಕಾರಣ. ಅಮೆರಿಕದ ಅಧ್ಯಕ್ಷ ಪದವಿಯ ಹೆಚ್ಚೂಕಡಿಮೆ ಪೂರ್ತಿ ಇತಿಹಾಸ ಒಂದು ಮನೆಯ ಮೂರು ತಲೆಮಾರಿನೊಳಗೆ ಮುಗಿಯುತ್ತದೆ. ಆ ಗಣರಾಜ್ಯ ಎಷ್ಟು ಎಳೆಯದು ಎಂಬುದು ಇದರಿಂದ ತಿಳಿಯುತ್ತದೆ.

ಗುಂಡು ಕೊಲ್ಲಲಿಲ್ಲ

1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೋ ಎಂಬಾತ ಅಧ್ಯಕ್ಷ ಗಾರ್ಫೀಲ್ಡ್ ಮೇಲೆ ಗುಂಡು ಹಾರಿಸಿದ. ಚುನಾವಣೆಯಲ್ಲಿ ತಾನು ದುಡಿದದ್ದಕ್ಕೆ ಪ್ಯಾರಿಸ್ಸಿನಲ್ಲಿ ಕಾನ್ಸುಲ್ ಹುದ್ದೆ ಸಿಗಬೇಕೆಂಬುದು ಅವನ ಬೇಡಿಕೆ. ಸಿಗಲಿಲ್ಲವೆಂಬ ಸಿಟ್ಟು ತಲೆಗೇರಿತ್ತು. ಗುಂಡು ಪ್ರಾಣಕ್ಕೆ ಮುಖ್ಯವಾದ ಯಾವ ಅಂಗಕ್ಕೂ ತಾಗಿರಲಿಲ್ಲ. ವೈದ್ಯರು ಮಾತ್ರ ತೊಳೆಯದ ಬೆರಳುಗಳನ್ನೂ ಸಲಕರಣೆಗಳನ್ನೂ ಗಾಯದೊಳಗೆ ಮತ್ತೆ ಮತ್ತೆ ತೂರಿಸಿ ಗುಂಡು ಹುಡುಕಿದರು. ಸೋಂಕು ತಡೆಯಬೇಕೆಂಬ ಜೋಸೆಫ್ ಲಿಸ್ಟರ್ ಅವರ ವಿಧಾನ ಯುರೋಪಿನಲ್ಲಿ ಹಬ್ಬಿದ್ದರೂ ಅಮೆರಿಕದ ಹಿರಿಯ ವೈದ್ಯರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಲೋಹ ಪತ್ತೆ ಮಾಡುವ ಯಂತ್ರವೊಂದನ್ನು ತಯಾರಿಸಿ ತಂದರು. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳು ಯಂತ್ರವನ್ನು ದಾರಿ ತಪ್ಪಿಸಿದವು. ಮುಖ್ಯ ವೈದ್ಯರು ಮೈಯ ಬಲಭಾಗವನ್ನಷ್ಟೇ ನೋಡಲು ಬಿಟ್ಟರು. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಭಾಗದಲ್ಲಿ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ಸೋಂಕಿನಿಂದ ಬಳಲಿ ಸತ್ತರು.

ಆ ಎರಡೂವರೆ ತಿಂಗಳು ದೇಶಕ್ಕೆ ಕೆಲಸ ಮಾಡಬಲ್ಲ ಅಧ್ಯಕ್ಷರೇ ಇರಲಿಲ್ಲ. ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ಅಧಿಕಾರ ವಹಿಸಿಕೊಳ್ಳಲು ಒಪ್ಪಲಿಲ್ಲ. ಟೈಲರ್ ಹಾಕಿದ ಮೇಲ್ಪಂಕ್ತಿಯೇ ಇಲ್ಲಿ ಅಡ್ಡ ನಿಂತಿತು. ಉಪಾಧ್ಯಕ್ಷರು ಒಮ್ಮೆ ಅಧ್ಯಕ್ಷರಾದರೆ ಪೂರ್ಣಾವಧಿಗೆ ಅಧ್ಯಕ್ಷರಾದಂತೆ. ನಾಳೆ ಗಾರ್ಫೀಲ್ಡ್ ಚೇತರಿಸಿಕೊಂಡರೆ ಅವರ ಗತಿಯೇನು? ಉತ್ತರ ಯಾರ ಬಳಿಯೂ ಇರಲಿಲ್ಲ.

ಈ ದುರಂತದಿಂದ ಒಂದು ಒಳ್ಳೆಯ ಕಾನೂನು ಹುಟ್ಟಿತು. ಗೆದ್ದ ಪಕ್ಷ ತನ್ನವರಿಗೆ ಸರ್ಕಾರಿ ನೌಕರಿ ಹಂಚುವ ಪದ್ಧತಿಯೇ ಗಿಟೋನಂಥವರನ್ನು ಬೆಳೆಸುತ್ತಿದೆ ಎಂದು ಜನ ರೊಚ್ಚಿಗೆದ್ದರು. ಆರ್ಥರ್ ಸ್ವತಃ ಆ ಪದ್ಧತಿಯಲ್ಲಿ ಬೆಳೆದವರು. ನ್ಯೂಯಾರ್ಕ್ ಬಂದರಿನ ಸುಂಕದ ಕಚೇರಿಯನ್ನು ಪಕ್ಷದವರಿಗೆ ನೌಕರಿ ಕೊಡುವ ತಾಣವಾಗಿ ಬಳಸಿದರೆಂದು 1878ರಲ್ಲಿ ಹುದ್ದೆ ಕಳೆದುಕೊಂಡಿದ್ದವರು. ಅವರೇ 1883ರ ಜನವರಿಯಲ್ಲಿ ಪೆಂಡಲ್‌ಟನ್ ಕಾಯ್ದೆಗೆ ಸಹಿ ಹಾಕಿದರು. ಸರ್ಕಾರಿ ನೌಕರಿಗೆ ಸ್ಪರ್ಧಾತ್ಮಕ ಪರೀಕ್ಷೆ ಅಮೆರಿಕದಲ್ಲಿ ಬೇರೂರಿದ್ದು ಹೀಗೆ. ತಮ್ಮನ್ನು ಬೆಳೆಸಿದ ವ್ಯವಸ್ಥೆಯನ್ನೇ ಮುರಿಯುವ ಧೈರ್ಯ ತೋರಿದ ಆರ್ಥರ್ ಅವರ ಹೆಸರು ಇಂದು ಅಮೆರಿಕದಲ್ಲೂ ಹೆಚ್ಚು ಜನರಿಗೆ ನೆನಪಿಲ್ಲ. ಮರೆತುಹೋದ ಅಧ್ಯಕ್ಷರ ಸಾಲಿನಿಂದ ಎತ್ತಿ ಹೇಳಲೇಬೇಕಾದ ಹೆಸರು ಅದು.

ಭದ್ರತೆಯ ಕಥೆಯೂ ಇದೇ. ಅಧ್ಯಕ್ಷರ ಕಾವಲಿಗೆ ಹೆಸರಾದ ಸೀಕ್ರೆಟ್ ಸರ್ವಿಸ್ 1865ರಲ್ಲಿ ಹುಟ್ಟಿದ್ದು ಖೋಟಾನೋಟು ಹಿಡಿಯಲು. ಲಿಂಕನ್, ಗಾರ್ಫೀಲ್ಡ್, 1901ರಲ್ಲಿ ಮೆಕಿನ್ಲಿ ಹೀಗೆ ಮೂವರು ಬಲಿಯಾದ ಮೇಲೆ, 1902ರಲ್ಲಿ, ಅಧ್ಯಕ್ಷರ ಪೂರ್ಣಾವಧಿ ರಕ್ಷಣೆ ಅದರ ಪಾಲಿಗೆ ಬಂತು. 1963ರಲ್ಲಿ ಕೆನಡಿ ಹತ್ಯೆಯಾದಾಗಲೂ ಅಧ್ಯಕ್ಷರನ್ನು ಕೊಲ್ಲುವುದು ರಾಷ್ಟ್ರೀಯ ಕಾನೂನಿನಡಿ ಪ್ರತ್ಯೇಕ ಅಪರಾಧವಾಗಿರಲಿಲ್ಲ. ಟೆಕ್ಸಸ್ ರಾಜ್ಯದ ಕಾನೂನಿನಡಿ ಅದೂ ಒಂದು ಕೊಲೆ ಪ್ರಕರಣ, ಅಷ್ಟೆ. ಪ್ರತ್ಯೇಕ ಕಾಯ್ದೆ ಬಂದದ್ದು 1965ರಲ್ಲಿ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆ ಈ ಇತಿಹಾಸದ ಉದ್ದಕ್ಕೂ ನೆನಪಾಗುತ್ತದೆ.

ಮುಚ್ಚಿಟ್ಟ ಕಾಯಿಲೆಗಳು

1893ರ ಬೇಸಿಗೆಯಲ್ಲಿ ಅಮೆರಿಕದ ಬ್ಯಾಂಕುಗಳು ಸಾಲುಸಾಲಾಗಿ ಮುಳುಗುತ್ತಿದ್ದವು. ಹಣಕ್ಕೆ ಆಧಾರ ಚಿನ್ನವೊಂದೇ ಇರಬೇಕೋ ಬೆಳ್ಳಿಯೂ ಇರಬೇಕೋ ಎಂಬ ಜಗಳ ತಾರಕಕ್ಕೇರಿತ್ತು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಚಿನ್ನದ ಪರ, ಅವರ ಉಪಾಧ್ಯಕ್ಷರು ಬೆಳ್ಳಿಯ ಪರ. ಅದೇ ಹೊತ್ತಿಗೆ ಕ್ಲೀವ್‌ಲ್ಯಾಂಡ್ ಬಾಯೊಳಗೆ, ಮೇಲ್ದವಡೆಯಲ್ಲಿ, ಗಡ್ಡೆ ಕಾಣಿಸಿತು. ಸುದ್ದಿ ಹೊರಬಿದ್ದರೆ ಮಾರುಕಟ್ಟೆ ಕುಸಿಯುತ್ತದೆಂಬ ಭಯ. ಜುಲೈ 1ರಂದು ಗೆಳೆಯರೊಬ್ಬರ ‘ಒನೈಡಾ’ ಎಂಬ ವಿಹಾರನೌಕೆಯ ಮೇಲೆ, ನೀರಿನಲ್ಲಿ ಸಾಗುತ್ತಿರುವಾಗಲೇ, ವೈದ್ಯರ ತಂಡ ಬಾಯೊಳಗಿನಿಂದಲೇ ಗಡ್ಡೆಯನ್ನೂ ದವಡೆಯ ಭಾಗವನ್ನೂ ಕತ್ತರಿಸಿ ತೆಗೆಯಿತು. ಮುಖದ ಮೇಲೆ ಗಾಯವಿಲ್ಲ, ಮೀಸೆಯೂ ಹಾಗೇ ಉಳಿಯಿತು. ಹೋದ ಮೂಳೆಯ ಜಾಗಕ್ಕೆ ರಬ್ಬರಿನ ತುಂಡು ಕೂರಿಸಿದ ಮೇಲೆ ಮಾತೂ ಮೊದಲಿನಂತಾಯಿತು. ಹಲ್ಲುನೋವು ಎಂದು ಜನರಿಗೆ ಹೇಳಲಾಯಿತು.

ಆಗಸ್ಟ್ ಕೊನೆಯಲ್ಲಿ ಇ.ಜೆ. ಎಡ್ವರ್ಡ್ಸ್ ಎಂಬ ಪತ್ರಕರ್ತರು ಫಿಲಡೆಲ್ಫಿಯಾ ಪ್ರೆಸ್ ಪತ್ರಿಕೆಯಲ್ಲಿ ಇಡೀ ಕಥೆಯನ್ನು ನಿಖರವಾಗಿ ಬರೆದರು. ಅಧ್ಯಕ್ಷರ ಕಡೆಯವರು ಅದನ್ನು ಸುಳ್ಳೆಂದರು. ಬೇರೆ ಪತ್ರಿಕೆಗಳೂ ಎಡ್ವರ್ಡ್ಸ್ ಅವರನ್ನೇ ಜರೆದವು. ಶಸ್ತ್ರಚಿಕಿತ್ಸೆಯಲ್ಲಿ ಪಾಲ್ಗೊಂಡಿದ್ದ ಡಾ. ವಿಲಿಯಂ ಕೀನ್ 1917ರಲ್ಲಿ, ಕ್ಲೀವ್‌ಲ್ಯಾಂಡ್ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ, ಎಲ್ಲವನ್ನೂ ಬರೆದು ನಿಜವನ್ನು ಹೊರಗಿಟ್ಟರು. ಸತ್ಯ ಬರೆದ ಪತ್ರಕರ್ತ 24 ವರ್ಷ ಸುಳ್ಳುಗಾರನೆಂಬ ಹೆಸರು ಹೊತ್ತು ಬದುಕಬೇಕಾಯಿತು. ಈ ಪ್ರಕರಣದಲ್ಲಿ ವೈದ್ಯರ ಕೈಚಳಕವನ್ನು ಎಲ್ಲರೂ ಮೆಚ್ಚುತ್ತಾರೆ. ನಾವು ನೆನೆಯಬೇಕಾದದ್ದು ಆ ಪತ್ರಕರ್ತ ತೆತ್ತ ಬೆಲೆಯನ್ನು.

ಇದಕ್ಕಿಂತ ದೊಡ್ಡ ಮರೆಮಾಚುವಿಕೆ ನಡೆದದ್ದು 1919ರಲ್ಲಿ. ಮೊದಲ ಮಹಾಯುದ್ಧ ಮುಗಿದಿತ್ತು. ವರ್ಸೇಲ್ಸ್ ಒಪ್ಪಂದಕ್ಕೆ ಬೆಂಬಲ ಕೇಳುತ್ತ ದೇಶ ಸುತ್ತುತ್ತಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ ಕುಸಿದರು. ಅಕ್ಟೋಬರ್ 2ರಂದು ಲಕ್ವ ಹೊಡೆದು ಎಡಭಾಗದ ಸ್ವಾಧೀನ ಹೋಯಿತು. ಹೆಂಡತಿ ಈಡಿತ್ ಮತ್ತು ವೈದ್ಯ ಕ್ಯಾರಿ ಗ್ರೇಸನ್ ಸೇರಿ ಕಾಯಿಲೆಯ ನಿಜರೂಪವನ್ನು ದೇಶದಿಂದ, ಮಂತ್ರಿಮಂಡಲದಿಂದಲೂ, ಮುಚ್ಚಿಟ್ಟರು. ಯಾವ ಕಡತ ರೋಗಿಯ ಮುಂದೆ ಹೋಗಬೇಕು, ಯಾವುದು ಹೋಗಬಾರದು ಎಂಬುದನ್ನು ತಿಂಗಳುಗಟ್ಟಲೆ ತೀರ್ಮಾನಿಸಿದ್ದು ಈಡಿತ್. ಅವರಿಗೆ ಯಾರೂ ಮತ ಹಾಕಿರಲಿಲ್ಲ. ಆಡಳಿತ ಸಾಗಲೆಂದು ಮಂತ್ರಿಗಳ ಸಭೆ ಕರೆದ ವಿದೇಶಾಂಗ ಸಚಿವ ರಾಬರ್ಟ್ ಲ್ಯಾನ್ಸಿಂಗ್ ಅವರಿಂದ ಮುಂದೆ ರಾಜೀನಾಮೆ ಪಡೆಯಲಾಯಿತು. ಉಪಾಧ್ಯಕ್ಷ ಥಾಮಸ್ ಮಾರ್ಷಲ್, ಆರ್ಥರ್ ಅವರಂತೆಯೇ, ಮುಂದೆ ಬರಲು ಹಿಂಜರಿದರು. ರಾಜಿ ಮಾಡಿಕೊಳ್ಳುವ ಚೈತನ್ಯ ಅಧ್ಯಕ್ಷರಲ್ಲಿ ಉಳಿದಿರಲಿಲ್ಲ, ಅವರ ಪರವಾಗಿ ರಾಜಿ ಮಾಡಿಕೊಳ್ಳುವ ಅಧಿಕಾರ ಇನ್ಯಾರಿಗೂ ಇರಲಿಲ್ಲ. ಸೆನೆಟ್ ಒಪ್ಪಂದವನ್ನು ಎರಡು ಬಾರಿ ತಿರಸ್ಕರಿಸಿತು. ವಿಲ್ಸನ್ ಕನಸಿನ ಕೂಸಾದ ರಾಷ್ಟ್ರಸಂಘಕ್ಕೆ ಅವರ ದೇಶವೇ ಸೇರಲಿಲ್ಲ. ಅವರು ಆರೋಗ್ಯವಾಗಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎನ್ನಲಾಗದು. ಆದರೆ ಮಹಾಯುದ್ಧದ ನಂತರದ ಅಂಥ ಹೊತ್ತಿನಲ್ಲಿ ಒಂದು ದೊಡ್ಡ ದೇಶ ಮುಚ್ಚಿದ ಬಾಗಿಲ ಹಿಂದಿನಿಂದ ನಡೆಯಿತೆಂಬುದು ಪ್ರಜಾಪ್ರಭುತ್ವಕ್ಕೆ ಆದ ಗಾಯ.

ಖಾಲಿ ಕುರ್ಚಿ

ಇಷ್ಟಾದರೂ ಸಂವಿಧಾನ ತಿದ್ದಲು ಇನ್ನೊಂದು ಸಾವು ಬೇಕಾಯಿತು. 1963ರ ನವೆಂಬರ್ 22ರಂದು ಕೆನಡಿ ಹತ್ಯೆಯಾಗಿ ಲಿಂಡನ್ ಜಾನ್ಸನ್ ವಿಮಾನದೊಳಗೆ ಪ್ರಮಾಣವಚನ ಸ್ವೀಕರಿಸಿದರು. ಜಾನ್ಸನ್ ಅವರಿಗೆ 1955ರಲ್ಲೇ ಹೃದಯಾಘಾತವಾಗಿತ್ತು. ಅವರ ನಂತರದ ಸರದಿಯಲ್ಲಿದ್ದ ಕೆಳಮನೆಯ ಸ್ಪೀಕರ್‌ಗೆ 71 ವರ್ಷ, ಆ ಬಳಿಕದ ಸೆನೆಟ್ ಹಿರಿಯರಿಗೆ 86. ಉಪಾಧ್ಯಕ್ಷರ ಕುರ್ಚಿ 14 ತಿಂಗಳು ಖಾಲಿ ಉಳಿಯಿತು, ಏಕೆಂದರೆ ಅದನ್ನು ತುಂಬುವ ದಾರಿಯೇ ಸಂವಿಧಾನದಲ್ಲಿ ಇರಲಿಲ್ಲ. ಆ ಹುದ್ದೆ ಅದಕ್ಕೂ ಮುಂಚೆ ಹಲವು ಬಾರಿ ಖಾಲಿ ಬಿದ್ದಿತ್ತು. ಎಲ್ಲವನ್ನೂ ಕೂಡಿಸಿದರೆ 37 ವರ್ಷಗಳಷ್ಟಾಗುತ್ತದೆ. ಅಣ್ವಸ್ತ್ರಗಳ ಕಾಲದಲ್ಲಿ ಇದು ಅಪಾಯವೆಂದು ಕೊನೆಗೆ ಎಲ್ಲರಿಗೂ ಅನ್ನಿಸಿತು.

1967ರ ಫೆಬ್ರುವರಿಯಲ್ಲಿ ಜಾರಿಗೆ ಬಂದ 25ನೇ ತಿದ್ದುಪಡಿ ಟೈಲರ್ ಹಟವನ್ನು ಕಾನೂನಾಗಿ ಮಾಡಿತು. ಉಪಾಧ್ಯಕ್ಷರ ಹುದ್ದೆ ಖಾಲಿಯಾದರೆ ಅಧ್ಯಕ್ಷರು ಹೆಸರಿಸಿ ಸಂಸತ್ತು ಒಪ್ಪಬೇಕೆಂದಿತು. ಅಧ್ಯಕ್ಷರು ತಾತ್ಕಾಲಿಕವಾಗಿ ಅಧಿಕಾರ ಬಿಟ್ಟುಕೊಟ್ಟು ಮತ್ತೆ ಪಡೆಯುವ ದಾರಿ ತೆರೆಯಿತು. ಅಧ್ಯಕ್ಷರು ಕೆಲಸಕ್ಕೆ ಅಸಮರ್ಥರಾಗಿದ್ದೂ ಒಪ್ಪದಿದ್ದರೆ ಉಪಾಧ್ಯಕ್ಷರೂ ಬಹುಪಾಲು ಮಂತ್ರಿಗಳೂ ಸೇರಿ ಏನು ಮಾಡಬಹುದು ಎಂಬುದನ್ನೂ ಬರೆಯಿತು. ಆರೇ ವರ್ಷದಲ್ಲಿ ಅದು ಕೆಲಸಕ್ಕೆ ಬಂತು. 1973ರ ಅಕ್ಟೋಬರಿನಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ರಾಜೀನಾಮೆ ಕೊಟ್ಟರು, ಜೆರಾಲ್ಡ್ ಫೋರ್ಡ್ ಆ ಸ್ಥಾನಕ್ಕೆ ನೇಮಕವಾದರು. 1974ರ ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆಯಿತ್ತಾಗ ಅಧ್ಯಕ್ಷರೂ ಆದರು. ನೆಲ್ಸನ್ ರಾಕ್‌ಫೆಲರ್ ಉಪಾಧ್ಯಕ್ಷರಾದರು. ಎರಡು ವರ್ಷ ಅಮೆರಿಕದ ಎರಡೂ ಅತ್ಯುನ್ನತ ಸ್ಥಾನಗಳಲ್ಲಿ, ಆ ಸ್ಥಾನಗಳಿಗಾಗಿ ದೇಶದ ಮತ ಪಡೆಯದವರೇ ಇದ್ದರು. ಆದರೂ ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿತ್ತು.

ಅಪಘಾತ ಕಲಿಸಿದ ಪಾಠ ನಮಗೂ ಹೊಸದಲ್ಲ. 1969ರ ಮೇ 3ರಂದು ಜಾಕಿರ್ ಹುಸೇನ್ ತೀರಿಕೊಂಡು ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು. ಅವರೂ ಇಲ್ಲವಾದರೆ ಯಾರು ಎಂಬುದಕ್ಕೆ ಆಗ ನಮ್ಮಲ್ಲೂ ಕಾನೂನಿರಲಿಲ್ಲ. ಅದೇ ತಿಂಗಳು ಸಂಸತ್ತು ತರಾತುರಿಯಲ್ಲಿ ಕಾಯ್ದೆ ಮಾಡಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಆ ಹೊಣೆ ಕೊಟ್ಟಿತು. ಜುಲೈನಲ್ಲಿ ಗಿರಿ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟಾಗ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಹಂಗಾಮಿ ರಾಷ್ಟ್ರಪತಿಯಾದರು. ಜುಲೈ 31ರಂದು ದೆಹಲಿಗೆ ಬಂದ ಅಧ್ಯಕ್ಷ ನಿಕ್ಸನ್ ಅವರನ್ನು ಭಾರತದ ಪರವಾಗಿ ಬರಮಾಡಿಕೊಂಡವರು ಅವರೇ.

ಹುದ್ದೆ ಬಿಟ್ಟ ಮೇಲೆ

ಎಷ್ಟು ಬಾರಿ ಅಧ್ಯಕ್ಷರಾಗಬಹುದು ಎಂಬುದನ್ನೂ ಮೂಲ ಸಂವಿಧಾನ ಹೇಳಿರಲಿಲ್ಲ. ಜಾರ್ಜ್ ವಾಷಿಂಗ್ಟನ್ ಎರಡು ಅವಧಿ ಮುಗಿಸಿ ಮನೆಗೆ ಹೋದರು. ಆ ನಡೆ ಸಂಪ್ರದಾಯವಾಗಿ ಒಂದೂವರೆ ಶತಮಾನ ಉಳಿಯಿತು. ಫ್ರಾಂಕ್ಲಿನ್ ರೂಸ್ವೆಲ್ಟ್ ನಾಲ್ಕು ಬಾರಿ ಗೆದ್ದು 1945ರಲ್ಲಿ ಹುದ್ದೆಯಲ್ಲೇ ತೀರಿಕೊಂಡರು. ಆಗ ಉಪಾಧ್ಯಕ್ಷರಾಗಿ 82 ದಿನವಷ್ಟೇ ಆಗಿದ್ದ ಟ್ರೂಮನ್ ಅವರಿಗೆ ಅಣುಬಾಂಬ್ ಯೋಜನೆಯ ಪೂರ್ತಿ ವಿವರ ಸಿಕ್ಕಿದ್ದು ಅಧ್ಯಕ್ಷರಾಗಿ ಸುಮಾರು ಎರಡು ವಾರವಾದ ಮೇಲೆ. ಎರಡೇ ಅವಧಿಯ ಮಿತಿ 22ನೇ ತಿದ್ದುಪಡಿಯಾಗಿ 1951ರಲ್ಲಿ ಬಂತು.

ಮನೆಗೆ ಹೋದವರ ಹೊಟ್ಟೆಪಾಡಿನ ಬಗ್ಗೆಯೂ ಕಾನೂನು 1958ರವರೆಗೆ ಸುಮ್ಮನಿತ್ತು. ಪಿಂಚಣಿ ಇರಲಿಲ್ಲ. ಅಂತರ್ಯುದ್ಧ ಗೆದ್ದ ಸೇನಾಪತಿ, ಎರಡು ಅವಧಿಯ ಅಧ್ಯಕ್ಷ, 1879ರಲ್ಲಿ ಲೋಕಸಂಚಾರದ ನಡುವೆ ಭಾರತವನ್ನೂ ನೋಡಿಹೋಗಿದ್ದ ಯುಲಿಸಿಸ್ ಗ್ರಾಂಟ್ 1884ರಲ್ಲಿ ಪಾಲುದಾರನ ಮೋಸದಿಂದ ಕೈಯಲ್ಲಿದ್ದದ್ದನ್ನೆಲ್ಲ ಕಳೆದುಕೊಂಡರು. ಗಂಟಲ ಕ್ಯಾನ್ಸರ್ ಅಂಟಿತು. ಹೆಂಡತಿ ಬೀದಿಪಾಲಾಗಬಾರದೆಂದು ನೋವು ನುಂಗಿಕೊಂಡು ಆತ್ಮಕಥೆ ಬರೆದರು. ಅದು ಮುಗಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ಕಣ್ಣುಮುಚ್ಚಿದರು. ಪ್ರಕಾಶಕರು ಸಾಹಿತಿ ಮಾರ್ಕ್ ಟ್ವೇನ್. ಗ್ರಾಂಟ್ ಪತ್ನಿಗೆ ಬಂದ ಗೌರವಧನ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು.

ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಸಾಲದ ಕಥೆಯ ಒಂದು ಎಳೆ ಕನ್ನಡದವರೆಗೂ ಬರುತ್ತದೆ. 1814ರಲ್ಲಿ ಬ್ರಿಟಿಷರು ವಾಷಿಂಗ್ಟನ್ನಿಗೆ ಬೆಂಕಿಯಿಟ್ಟಾಗ ಸಂಸತ್ತಿನ ಗ್ರಂಥಾಲಯ ಸುಟ್ಟುಹೋಯಿತು. ಸಾಲದಲ್ಲಿ ಮುಳುಗಿದ್ದ ಜೆಫರ್ಸನ್ ತಮ್ಮ 6,487 ಪುಸ್ತಕಗಳನ್ನು 1815ರಲ್ಲಿ 23,950 ಡಾಲರಿಗೆ ಸಂಸತ್ತಿಗೆ ಮಾರಿದರು. ಲೈಬ್ರರಿ ಆಫ್ ಕಾಂಗ್ರೆಸ್ ಮತ್ತೆ ತಲೆಯೆತ್ತಿದ್ದು ಆ ಪುಸ್ತಕಗಳಿಂದ. ನಮ್ಮ ಹಿರಿಯರಿಗೆ ಅಮೆರಿಕದಿಂದ ಬರುತ್ತಿದ್ದ ಪಿಎಲ್-480 ಗೋಧಿ ನೆನಪಿದೆ. ಆ ಗೋಧಿಗೆ ಭಾರತ ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಭಾಗದಿಂದ ಅದೇ ಗ್ರಂಥಾಲಯ ದೆಹಲಿಯಲ್ಲಿ ಕಚೇರಿ ತೆರೆದು ಭಾರತೀಯ ಭಾಷೆಗಳ ಪುಸ್ತಕ ಕೊಳ್ಳತೊಡಗಿತು. ಅಮೆರಿಕದ ವಿಶ್ವವಿದ್ಯಾಲಯಗಳ ಕಪಾಟುಗಳಿಗೆ ಕನ್ನಡ ಪುಸ್ತಕಗಳು ಹೋದ ಮುಖ್ಯ ದಾರಿಗಳಲ್ಲಿ ಅದೂ ಒಂದು. ಈ ಸಂತೋಷದ ಜೊತೆಗೇ ಹೇಳಬೇಕಾದ ಕಹಿಯೂ ಇದೆ. ಪುಸ್ತಕ ಮಾರಿದರೂ ಜೆಫರ್ಸನ್ ಸಾಲ ತೀರಲಿಲ್ಲ. ಅವರು ಸತ್ತ ಮೇಲೆ, 1827ರಲ್ಲಿ, ಅವರ ಎಸ್ಟೇಟಿನಲ್ಲಿ ಗುಲಾಮರಾಗಿದ್ದ ನೂರಕ್ಕೂ ಹೆಚ್ಚು ಜನರನ್ನು ಹರಾಜು ಹಾಕಲಾಯಿತು. ಎಲ್ಲ ಮನುಷ್ಯರೂ ಸಮಾನರೆಂದು ಬರೆದವರ ಸಾಲಕ್ಕೆ ಬೆಲೆ ತೆತ್ತವರು ಆ ಸಂಸಾರಗಳು.

ಇನ್ನೂ ತುಂಬದ ಜಾಗ

ಇವೆಲ್ಲ ಹಳೆಯ ಕಥೆಗಳು, ಈಗ ಎಲ್ಲಕ್ಕೂ ಕಾನೂನಿದೆ ಎಂದುಕೊಳ್ಳುವಂತಿಲ್ಲ. ಅಧ್ಯಕ್ಷರಾಗಲು ಕನಿಷ್ಠ ವಯಸ್ಸಿದೆ, ಗರಿಷ್ಠ ವಯಸ್ಸಿಲ್ಲ. 2025ರ ಜನವರಿಯಲ್ಲಿ ಬೈಡನ್ ಹುದ್ದೆ ಬಿಟ್ಟಾಗ ಅವರಿಗೆ 82, ಪ್ರಮಾಣವಚನ ಸ್ವೀಕರಿಸಿದ ಟ್ರಂಪ್ ಅವರಿಗೆ 78. ತಮ್ಮ ಆರೋಗ್ಯದ ದಾಖಲೆಯನ್ನು ಜನರ ಮುಂದಿಡಬೇಕೆಂಬ ಕಾನೂನು ಅಭ್ಯರ್ಥಿಗಳಿಗೂ ಇಲ್ಲ, ಅಧ್ಯಕ್ಷರಿಗೂ ಇಲ್ಲ. ವೈದ್ಯರು ಹೇಳುವುದು ಅಧ್ಯಕ್ಷರು ಒಪ್ಪಿದಷ್ಟನ್ನು ಮಾತ್ರ. ಅಸಮರ್ಥ ಅಧ್ಯಕ್ಷರನ್ನು ಅವರ ಒಪ್ಪಿಗೆಯಿಲ್ಲದೆ ಬದಿಗಿಡುವ 25ನೇ ತಿದ್ದುಪಡಿಯ ನಾಲ್ಕನೇ ಭಾಗ ಒಮ್ಮೆಯೂ ಬಳಕೆಯಾಗಿಲ್ಲ. ಅಧ್ಯಕ್ಷರು ತಮಗೆ ತಾವೇ ಕ್ಷಮಾದಾನ ಕೊಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಯಾವ ನ್ಯಾಯಾಲಯದಲ್ಲೂ ತೀರ್ಮಾನವಾಗಿಲ್ಲ.

ಬರೆದಿಟ್ಟ ಸಂವಿಧಾನ ಎಷ್ಟೇ ಗಟ್ಟಿಯಿದ್ದರೂ ಅದರಲ್ಲಿ ಬರೆಯದೆ ಉಳಿದದ್ದು ಇದ್ದೇ ಇರುತ್ತದೆ. ಆ ಜಾಗವನ್ನು ವಾಷಿಂಗ್ಟನ್ ಸಂಯಮದಿಂದ ತುಂಬಿದರು, ಟೈಲರ್ ಹಟದಿಂದ, ಆರ್ಥರ್ ಸಂಕೋಚದಿಂದ, ಈಡಿತ್ ವಿಲ್ಸನ್ ಗುಟ್ಟಿನಿಂದ. ಅಲ್ಲಿ ಯಾರು ನಿಲ್ಲುತ್ತಾರೆ ಎಂಬುದರ ಮೇಲೆ ಕೋಟ್ಯಂತರ ಜನರ ಬದುಕು ನಿಂತಿರುತ್ತದೆ. ಆದ್ದರಿಂದ ಮತ ಕೇಳಲು ಬರುವವರ ಭರವಸೆಗಳ ಪಟ್ಟಿಯನ್ನಷ್ಟೇ ನೋಡಿದರೆ ಸಾಲದು. ಕಾನೂನು ಏನನ್ನೂ ಹೇಳದ ಕಡೆ ಈ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನೂ ನೋಡಬೇಕು. ಅದನ್ನು ಚುನಾವಣೆಗೆ ಮೊದಲೇ ಕೇಳುವುದು ಮತದಾರರ ಹಕ್ಕು. ಕೇಳಿ ಬರೆಯುವುದು ಪತ್ರಿಕೆಗಳ ಕೆಲಸ. ಇನ್ನೊಂದು ದುರಂತ ಬಂದು ಕಲಿಸುವ ಮೊದಲೇ ಕಾನೂನು ಮಾಡುವುದು ಸಂಸತ್ತುಗಳ ಹೊಣೆ. ಈ ಮಾತು ವಾಷಿಂಗ್ಟನ್ನಿಗೆ ಎಷ್ಟು ಸಲ್ಲುತ್ತದೋ ದೆಹಲಿಗೂ ಬೆಂಗಳೂರಿಗೂ ಅಷ್ಟೇ ಸಲ್ಲುತ್ತದೆ.